ಮಿಕ್ಕ ಹಣ ಯಾರದ್ದು?

ಸರಕಾರದ ಬೊಕ್ಕಸದಲ್ಲಿ ಹಣ ಮಿಕ್ಕಿದರೆ ಅದನ್ನು ಕೊಟ್ಟವರಿಗೇ ಹಿಂದಿರುಗಿಸಬೇಕೆಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಅಂಗಡಿಯವನು ಚಿಲ್ಲರೆ ಮರಳಿಸಿದಷ್ಟೇ ಸಹಜ ಎನಿಸುತ್ತದೆ. ಅಮೆರಿಕದ ಒರೆಗಾನ್ ರಾಜ್ಯ 1979ರಲ್ಲಿ ಇದನ್ನು ಕಾನೂನನ್ನಾಗಿಯೇ ಮಾಡಿತು. ಅಲ್ಲಿ ಅದರ ಹೆಸರು ‘ಕಿಕರ್’. 2000ದಲ್ಲಿ ಮತದಾರರು ಅದನ್ನು ರಾಜ್ಯದ ಸಂವಿಧಾನಕ್ಕೂ ಸೇರಿಸಿದರು. ಪ್ರಜೆಗಳು ಒಪ್ಪಿಕೊಂಡದ್ದನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಆದರೂ ಮಿಕ್ಕದ್ದು ಎಂದರೇನು, ಕೊಟ್ಟವರು ಎಂದರೆ ಯಾರು ಎಂದು ಕೇಳದೆ ಗತ್ಯಂತರವಿಲ್ಲ.

ಒರೆಗಾನ್‌ನ ಬಜೆಟ್ ಎರಡು ವರ್ಷಗಳದ್ದು. ಆ ಅವಧಿಯಲ್ಲಿ ಎಷ್ಟು ವರಮಾನ ಬರಬಹುದೆಂದು ಅರ್ಥತಜ್ಞರು ಮೊದಲೇ ಅಂದಾಜಿಸುತ್ತಾರೆ. ನಿಜವಾದ ವರಮಾನ ಅದಕ್ಕಿಂತ ಶೇ. 2ರಷ್ಟು ಅಥವಾ ಇನ್ನೂ ಹೆಚ್ಚು ಬಂದರೆ, ಮೀರಿದ ಮೊತ್ತವನ್ನೆಲ್ಲ ಮರಳಿಸಬೇಕು. ಶಾಲೆ, ಆಸ್ಪತ್ರೆಗಳ ಅಗತ್ಯವೆಲ್ಲ ತೀರಿದ ಮೇಲೆ ಉಳಿದದ್ದು ಎಂಬ ಅರ್ಥ ಈ ‘ಹೆಚ್ಚುವರಿ’ಗೆ ಇಲ್ಲವೇ ಇಲ್ಲ. ಅಂದಾಜು ಎಷ್ಟು ತಪ್ಪಿತೋ ಅಷ್ಟು ಹೆಚ್ಚುವರಿ! 2023ರಲ್ಲಿ ಈ ಮೊತ್ತ ಸುಮಾರು 560 ಕೋಟಿ ಡಾಲರ್. ಅದೇ ವರ್ಷ ಅಲ್ಲಿನ ದೊಡ್ಡ ನಗರ ಪೋರ್ಟ್‌ಲ್ಯಾಂಡ್‌ನಲ್ಲಿ ಮನೆಯಿಲ್ಲದವರು ಬೀದಿ ಬದಿಯಲ್ಲಿ ಡೇರೆ ಹಾಕಿಕೊಂಡು ಮಲಗುತ್ತಿದ್ದರು.

ಹಂಚಿಕೆಯಾದರೂ ಹೇಗಿತ್ತು? 2022ನೇ ಸಾಲಿನ ಆದಾಯ ತೆರಿಗೆಯ ಶೇ. 44.28ರಷ್ಟನ್ನು ಮರಳಿಸಲಾಯಿತು. ಸಾವಿರ ಡಾಲರ್ ತೆರಿಗೆಯವನಿಗೆ ಸುಮಾರು 443 ಡಾಲರ್, ಲಕ್ಷ ಡಾಲರ್ ತೆರಿಗೆಯವನಿಗೆ 44,280 ಡಾಲರ್. ತೆರಿಗೆ ಬೀಳುವಷ್ಟು ಆದಾಯವೇ ಇಲ್ಲದವನಿಗೆ ಸೊನ್ನೆ. ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಗಬೇಡವೇ ಎಂದು ಕೇಳುವವರಿದ್ದಾರೆ. ತೆರಿಗೆಯೇನು ಬ್ಯಾಂಕಿನಲ್ಲಿಟ್ಟ ಠೇವಣಿಯೇ? ಸಿರಿವಂತನ ಸಂಪಾದನೆಯ ಹಿಂದೆಯೂ ಸರಕಾರಿ ರಸ್ತೆ, ನ್ಯಾಯಾಲಯ, ಸರಕಾರಿ ಶಾಲೆಯಲ್ಲಿ ಓದಿದ ಕೆಲಸಗಾರರು ಇದ್ದೇ ಇರುತ್ತಾರೆ.

ಬೇರೆ ದಾರಿಗಳಿರಲಿಲ್ಲವೆಂದೇನೂ ಅಲ್ಲ. ಕೊಲರಾಡೊ ರಾಜ್ಯ 2022ರಲ್ಲಿ ಆದಾಯದ ಭೇದವೆಣಿಸದೆ ತಲೆಗೆ 750 ಡಾಲರ್‌ನಂತೆ ಹಂಚಿತು. ಅಷ್ಟು ದೂರವೂ ಹೋಗಬೇಕಾಗಿಲ್ಲ. ಕಂಪೆನಿಗಳ ತೆರಿಗೆ ಅಂದಾಜನ್ನು ಮೀರಿದರೆ ಆ ಹಣ ಶಾಲೆಗಳಿಗೆ ಹೋಗಬೇಕೆಂದು ಒರೆಗಾನ್ ಮತದಾರರೇ 2012ರಲ್ಲಿ ತೀರ್ಮಾನಿಸಿದ್ದಾರೆ. ಕಂಪೆನಿಯ ಪಾಲು ಮಕ್ಕಳ ಪಾಠಕ್ಕೆ ಒದಗಬಹುದಾದರೆ, ಅತಿ ಸಿರಿವಂತರ ಪಾಲಿನಲ್ಲಿ ಒಂದಂಶವಾದರೂ ಏಕೆ ಒದಗಬಾರದು?

ಮಿಗತೆ ಶಾಶ್ವತವೆಂದು ನಂಬುವುದೂ ಅಪಾಯ. ಕ್ಯಾಲಿಫೋರ್ನಿಯ 2022ರ ಮೇ ತಿಂಗಳಲ್ಲಿ 9,750 ಕೋಟಿ ಡಾಲರ್ ಹೆಚ್ಚುವರಿಯನ್ನು ಅಂದಾಜಿಸಿ, ಜನರಿಗೆ 200ರಿಂದ 1,050 ಡಾಲರ್‌ವರೆಗೆ ಹಂಚಿತು. 2023ರ ಜನವರಿಯಲ್ಲಿ ಅದೇ ಸರಕಾರ 2,250 ಕೋಟಿ ಡಾಲರ್ ಕೊರತೆಯ ಲೆಕ್ಕ ಮುಂದಿಟ್ಟಿತು. ಸುಗ್ಗಿಯ ಕಾಲದಲ್ಲಿ ಕಣಜ ಬರಿದು ಮಾಡಿದರೆ ಮಳೆಗಾಲದಲ್ಲಿ ಉಪವಾಸವೇ ಗತಿ.

ಈ ಚರ್ಚೆ ನಮಗೂ ಹೊರತಲ್ಲ. ಕರ್ನಾಟಕದಲ್ಲಿ 2023ರಲ್ಲಿ ಗ್ಯಾರಂಟಿ ಯೋಜನೆಗಳು ಬಂದಾಗ ‘ತೆರಿಗೆದಾರರ ದುಡ್ಡು’ ಎಂಬ ಆಕ್ಷೇಪ ಜೋರಾಗಿಯೇ ಕೇಳಿಬಂತು. ಆದಾಯ ತೆರಿಗೆ ಕಟ್ಟುವವರಷ್ಟೇ ತೆರಿಗೆದಾರರು ಎಂಬ ಗ್ರಹಿಕೆ ಅದರ ಹಿಂದಿದೆ. ಸಾಬೂನು, ಚಪ್ಪಲಿ ಕೊಳ್ಳುವ ಕೂಲಿ ಹೆಂಗಸೂ ಜಿಎಸ್‌ಟಿ ತೆತ್ತೇ ಮನೆಗೆ ಮರಳುತ್ತಾಳೆ. ಬೊಕ್ಕಸ ತುಂಬುವಾಗ ಅವಳ ಕಾಸು ಬೇಕು. ಹಂಚುವಾಗ ಅವಳ ಹೆಸರು ಬೇಡ. ಇದು ಯಾವ ದೇಶದ ಲೆಕ್ಕವಾದರೂ ತಪ್ಪು ಲೆಕ್ಕವೇ.