ಹೆಸರು ಕಲಿತರೆ ಸಾಲದು, ಕೆಲಸದ ಮಾತು ಕಲಿಯಬೇಕು

ಹೈದರಾಬಾದಿನಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊರತೆಯಿಲ್ಲ. ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲೆಂದು 1958ರಲ್ಲಿ ಇಲ್ಲಿ ಹುಟ್ಟಿದ ಕೇಂದ್ರ ಸಂಸ್ಥೆ ಈಗ ಇಫ್ಲು ಎಂಬ ವಿಶ್ವವಿದ್ಯಾಲಯವಾಗಿದೆ. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸುಗಳ ಪಕ್ಕದಲ್ಲೇ ಸ್ಪೋಕನ್ ಇಂಗ್ಲಿಷ್ ಫಲಕಗಳು ಕಾಣುತ್ತವೆ. ಆದರೂ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಅರಿವಿ ಮಡಚುವ, ಭಾಂಡೆ ಜೋಡಿಸುವ ಹೆಣ್ಣುಮಕ್ಕಳಿಗೆ ಬೇಕಾದ ಇಂಗ್ಲಿಷ್ ಆ ತರಗತಿಗಳಲ್ಲಿ ಸಿಗುವುದು ಕಷ್ಟ. ಮನೆಯನ್ನು ಒಪ್ಪವಾಗಿಡುವ ಮಾತುಗಳನ್ನು ನಾವು ಕಲಿಸುತ್ತಿರುವ ಕ್ರಮವೇ ಸರಿಯಿಲ್ಲ.

ಆ ಕ್ರಮವೆಂದರೆ ಪಟ್ಟಿ. ತಿಂಗಳಲ್ಲಿ ಇಂಗ್ಲಿಷ್ ಕಲಿಸುವೆವೆನ್ನುವ ಪುಸ್ತಕಗಳು ಮನೆಯ ಪಾಠವನ್ನು ವಸ್ತುಗಳ ಹೆಸರಿನಿಂದ ತುಂಬಿಸುತ್ತವೆ: ಕಪ್‌ಬೋರ್ಡ್, ಶೆಲ್ಫ್, ಡ್ರಾಯರ್, ಬಾಸ್ಕೆಟ್. ಇವನ್ನು ಕಲಿಸಬೇಕಾದ ಅಗತ್ಯ ಕಡಿಮೆ, ಏಕೆಂದರೆ ಇವು ಆಗಲೇ ನಮ್ಮ ನಾಲಿಗೆಯ ಮೇಲಿವೆ. ಪೋರ್ಚುಗೀಸರಿಂದ ಬಂದ ಅಲ್ಮೇರಾವನ್ನಂತೂ ಭಾರತದ ಇಂಗ್ಲಿಷ್ ಕೂಡ ಒಪ್ಪಿಕೊಂಡಿದೆ. ತೊಡಕಾಗುವುದು ಕೆಲಸ ಹೇಳುವ ಮಾತಿನಲ್ಲಿ. ‘ಪುಟ್ ಅವೇ’ ಎಂದರೆ ಅದರ ಜಾಗದಲ್ಲಿ ಎತ್ತಿಡು, ‘ಥ್ರೋ ಅವೇ’ ಎಂದರೆ ಎಸೆದುಬಿಡು. ಎರಡರ ಕೊನೆಯಲ್ಲೂ ಒಂದೇ ಪದವಿದೆ, ಆದರೆ ಒಂದರಿಂದ ವಸ್ತು ಉಳಿಯುತ್ತದೆ, ಇನ್ನೊಂದರಿಂದ ಕಸಕ್ಕೆ ಹೋಗುತ್ತದೆ. ಇಲ್ಲಿ ತಪ್ಪಿದರೆ ಬೈಗುಳ ತಿನ್ನುವವಳು ಕೆಲಸದಾಕೆ.

ಕನ್ನಡ ಬಲ್ಲವರಿಗೆ ಇದು ಹೊಸ ವಿದ್ಯೆಯೇನಲ್ಲ. ‘ತೆಗೆದಿಡು’, ‘ತೆಗೆದುಹಾಕು’ ಎಂಬ ಮಾತುಗಳನ್ನು ನೋಡಿ. ಮೊದಲ ಕ್ರಿಯಾಪದ ಒಂದೇ, ಅದರ ಜೊತೆಗೆ ಬಂದದ್ದು ಅರ್ಥವನ್ನೇ ತಿರುಗಿಸಿತು. ಮಡಚಿಡು, ಮುಚ್ಚಿಡು, ಜೋಡಿಸಿಡು ಎಂದು ದಿನವೂ ಆಡುವವರಿಗೆ ‘ಪುಟ್ ಬ್ಯಾಕ್’, ‘ಹ್ಯಾಂಗ್ ಅಪ್’, ‘ಕ್ಲಿಯರ್ ಔಟ್’ಗಳನ್ನು ಈ ದಾರಿಯಿಂದ ಹೇಳಿಕೊಟ್ಟರೆ ಬೇಗ ಹತ್ತುತ್ತದೆ. ನಿಜವಾಗಿ ಕಷ್ಟವಾಗುವುದು ‘ಅಲ್ಲಿ’ ಪ್ರತ್ಯಯ. ಗೋಡೆಯಲ್ಲಿ ಚಿತ್ರ, ಡಬ್ಬಿಯಲ್ಲಿ ಸಕ್ಕರೆ, ಬಾಗಿಲಲ್ಲಿ ನೆಂಟರು ಎಂದು ನಾವು ಒಂದರಲ್ಲೇ ಮುಗಿಸುತ್ತೇವೆ. ಇಂಗ್ಲಿಷಿಗೆ ಆನ್, ಇನ್, ಆ್ಯಟ್ ಎಂಬ ಮೂರು ಬೇಕು. ಶಿಕ್ಷಕರ ಸಮಯ ಹೋಗಬೇಕಾದದ್ದು ಇಲ್ಲಿ.

ವಸ್ತುವನ್ನು ಎದುರಿಗಿಟ್ಟರೆ ಪದ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. ಹಾಗಿದ್ದರೆ ಹೈಟೆಕ್ ಸಿಟಿಗಿಂತ ಒಳ್ಳೆಯ ಶಾಲೆ ಇರಲಾರದು. ಐಕಿಯಾ ಭಾರತದಲ್ಲಿ ತನ್ನ ಮೊದಲ ಮಳಿಗೆಯನ್ನು ತೆರೆದದ್ದು ಅಲ್ಲಿಯೇ, 2018ರ ಆಗಸ್ಟ್ 9ರಂದು. ಅಡುಗೆಮನೆ, ಮಲಗುವ ಕೋಣೆಗಳನ್ನು ಇಡಿಯಾಗಿ ಸಜ್ಜುಗೊಳಿಸಿ ತೋರಿಸುವ ಆ ಮಳಿಗೆ, ಅಚ್ಚುಕಟ್ಟು ಎಂದರೇನೆಂದು ಕಣ್ಣಿಗೆ ಕಲಿಸುತ್ತದೆ. ಆದರೆ ಅಲ್ಲಿನ ಸಾಮಾನುಗಳ ಹೆಸರುಗಳಲ್ಲಿ ಹೆಚ್ಚಿನವು ಸ್ವೀಡನ್ ಕಡೆಯವು. ಜೋಡಿಸುವ ವಿಧಾನ ತಿಳಿಸುವ ಕೈಪಿಡಿಯಲ್ಲಂತೂ ಬಹುಪಾಲು ಚಿತ್ರಗಳೇ, ಮಾತಿಲ್ಲ. ವಸ್ತು ಕಂಡಿತು, ಚೀಟಿ ಓದಿದೆವು, ಆದರೂ ಬಾಯಿಗೆ ವಾಕ್ಯ ಬರಲಿಲ್ಲ.

ವಾಕ್ಯ ಬರುವುದು ಕೆಲಸದ ನಡುವೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು 1979ರಿಂದ ಐದು ವರ್ಷ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನಲ್ಲೆಲ್ಲ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಹೆಸರಾಗಿದೆ. ಅವರು ವ್ಯಾಕರಣದ ಪಾಠವನ್ನು ಬದಿಗಿಟ್ಟು ಮಕ್ಕಳಿಗೆ ನಕಾಶೆ, ವೇಳಾಪಟ್ಟಿಗಳನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳಿದರು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಮನೆಯ ಇಂಗ್ಲಿಷಿಗೆ ಇದಕ್ಕಿಂತ ಹೊಂದುವ ಕ್ರಮವಿಲ್ಲ. ಒಂದು ಕಪಾಟು ಖಾಲಿ ಮಾಡಿ, ಏನು ಇಡಬೇಕು, ಏನು ಕೊಡಬೇಕು, ಏನು ಎಸೆಯಬೇಕು ಎಂದು ಇಂಗ್ಲಿಷಿನಲ್ಲೇ ತೀರ್ಮಾನಿಸುತ್ತ ಮತ್ತೆ ಜೋಡಿಸಿದರೆ ಅದೇ ಒಂದು ಪಾಠ. ಆಜ್ಞೆಯನ್ನು ಅರ್ಥಮಾಡಿಕೊಳ್ಳುವುದಷ್ಟೇ ಅದರ ಗುರಿಯಾಗಬಾರದು. ‘ಇದನ್ನು ಎಲ್ಲಿಡಲಿ?’, ‘ಇದು ಬೇಕೋ ಬೇಡವೋ?’ ಎಂದು ಕೇಳುವ ಧೈರ್ಯವೂ ಬರಬೇಕು. ಕೇಳಬಲ್ಲವಳನ್ನು ಸುಮ್ಮನೆ ಗದರಿಸುವುದು ಸುಲಭವಲ್ಲ.

ಹೆಸರಿನ ಪಟ್ಟಿ ಕೈಗೆಟುಕುವ ನೆನಪಿನ ಸಾಧನ, ಅಷ್ಟೇ. ಅದನ್ನೇ ಕಲಿಕೆ ಎಂದು ಮಾರುವುದು ಕಲಿಯುವವರಿಗೆ ಮಾಡುವ ಅನ್ಯಾಯ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಕನ್ನಡ ಸಂಸ್ಥೆಗಳು ಭಾನುವಾರಕ್ಕೊಂದು ತರಗತಿಯನ್ನು ಈ ಹೆಣ್ಣುಮಕ್ಕಳಿಗಾಗಿ, ಕನ್ನಡದ ಮೂಲಕವೇ ನಡೆಸಬೇಕು. ಅದಕ್ಕೆ ದೊಡ್ಡ ಖರ್ಚಿಲ್ಲ; ಒಂದು ಕಪಾಟು, ಒಂದಿಷ್ಟು ಬಟ್ಟೆ, ತಾಳ್ಮೆಯುಳ್ಳ ಒಬ್ಬ ಶಿಕ್ಷಕಿ ಇದ್ದರೆ ಸಾಕು.