ಬ್ರೇಕಿನಲ್ಲಿ ಸೋರುವ ಪೆಟ್ರೋಲ್

ಗುಂಡ್ಲುಪೇಟೆಯ ಯಾವುದಾದರೂ ಬಂಕ್‌ನಲ್ಲಿ ಸ್ವಿಫ್ಟ್ ನಿಲ್ಲಿಸಿಕೊಂಡು ‘ಯಾಕೋ ಮೈಲೇಜೇ ಬರ್ತಿಲ್ಲ’ ಎಂದು ನೋಡಿ, ಉಪದೇಶ ಪುಕ್ಕಟೆ ಸಿಗುತ್ತದೆ. ಐವತ್ತು ದಾಟಬೇಡಿ, ಬೇಗ ಟಾಪ್ ಗೇರ್‌ಗೆ ಹಾಕಿ, ಎಸಿ ಮುಟ್ಟಬೇಡಿ, ಇಳಿಜಾರು ಕಂಡರೆ ನ್ಯೂಟ್ರಲ್. ‘ನ್ಯೂಟ್ಲು ಬುಟ್ರ ಗಾಡಿ ತಾನೇ ವೋಯ್ತದ ಸಾ, ಪೆಟ್ರೋಲ್ ಯಾಕ ಸುಡ್ಬೇಕು?’ ಎಂಬ ತರ್ಕಕ್ಕೆ ಎದುರು ಮಾತು ಹೊಳೆಯುವುದೂ ಕಷ್ಟ. ಅಂಬಾಸಿಡರ್, ಫಿಯೆಟ್ ಓಡಿಸಿದ ತಲೆಮಾರು ಬಿಟ್ಟುಹೋದ ಆಸ್ತಿ ಇದು. ಇದರಲ್ಲಿ ಕೆಲವು ಮಾತು ಇಂದಿಗೂ ಸಲ್ಲುತ್ತವೆ, ಕೆಲವಕ್ಕೆ ವಾಯಿದೆ ಮುಗಿದಿದೆ, ಒಂದು ಮಾತ್ರ ಜೀವಕ್ಕೇ ಸಂಚಕಾರ. ಆದರೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಹೊತ್ತು ತಿರುಗುತ್ತಿದ್ದೇವೆ.

ಸ್ವಿಫ್ಟ್ ಭಾರತಕ್ಕೆ ಬಂದದ್ದು 2005ರಲ್ಲಿ. ಅಲ್ಲಿಯವರೆಗೆ ಸಣ್ಣ ಕಾರು ಎಂದರೆ ಸಂಸಾರಸ್ಥರ ಕಾರು. ಓಡಿಸುವ ಖುಷಿಗಾಗಿ ಸಣ್ಣ ಕಾರು ಕೊಳ್ಳುವ ಚಟ ಇಲ್ಲಿಯ ಮಧ್ಯಮವರ್ಗಕ್ಕೆ ಬಹುಮಟ್ಟಿಗೆ ಇದರಿಂದಲೇ ಹತ್ತಿತು. 2024ರ ಹೊಸ ಮಾದರಿಗೆ ಕಂಪನಿ ಹೇಳುವ ಲೆಕ್ಕ ಮ್ಯಾನ್ಯುಯಲ್ ಗೇರಿನಲ್ಲಿ ಲೀಟರಿಗೆ 24.8 ಕಿ.ಮೀ. ಈ ಅಂಕಿ ಹುಟ್ಟುವುದು ರಸ್ತೆಯಲ್ಲಲ್ಲ. ಪ್ರಯೋಗಾಲಯದ ಉರುಳೆಗಳ ಮೇಲೆ, ಎಸಿ ಆಫ್ ಮಾಡಿ, ನಿಗದಿತ ಏರಿಳಿತದ ವೇಗದಲ್ಲಿ, ಗರಿಷ್ಠ 90 ಕಿ.ಮೀ. ಮೀರದಂತೆ ಓಡಿಸಿ ತೆಗೆದದ್ದು. ಅಲ್ಲಿ ತೆರಕಣಾಂಬಿಯ ತರಕಾರಿ ತುಂಬಿದ ಗೂಡ್ಸ್ ಆಟೊ ಅಡ್ಡ ಬರುವುದಿಲ್ಲ, ಕರಿಕಲ್ಲು ಹೇರಿದ ಲಾರಿಯ ಹಿಂದೆ ತೆವಳಬೇಕಾಗಿಯೂ ಇಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಆ ಸಂಖ್ಯೆ ಸರಿ. ನಮ್ಮ ಚಾಲನೆಗೆ ಅಂಕ ಹಾಕಲು ಸಲ್ಲದು.

ನ್ಯೂಟ್ರಲ್ ವಿಚಾರವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಕಾರ್ಬುರೇಟರ್ ಇದ್ದ ಕಾಲದಲ್ಲಿ ಆ ಮಾತು ಸುಳ್ಳಾಗಿರಲಿಲ್ಲ. ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತ ಅಷ್ಟಿಷ್ಟು ಪೆಟ್ರೋಲ್ ಹೀರುತ್ತಲೇ ಇರುತ್ತಿತ್ತು. ನ್ಯೂಟ್ರಲ್ ಮಾಡಿದರೆ ಐಡಲ್‌ಗೆ ಬೇಕಾದಷ್ಟೇ ಖರ್ಚು. 2000ದ ಆಚೀಚೆ ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಈಗ ಗೇರಿನಲ್ಲಿದ್ದಾಗ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಕಾರಿನೊಳಗಿನ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನೇ ಮುಚ್ಚಿಬಿಡುತ್ತದೆ. ಚಕ್ರ ಎಂಜಿನನ್ನು ತಿರುಗಿಸುತ್ತಿರುತ್ತದೆ, ಪೆಟ್ರೋಲ್ ಖರ್ಚು ಸೊನ್ನೆ. ಅದೇ ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ನೋಡಿಕೊಳ್ಳಲು ಮತ್ತೆ ಪೆಟ್ರೋಲ್ ಬೇಕು. ಸಣ್ಣ ಎಂಜಿನ್ನಿಗೂ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರು. ಸ್ಕ್ರೀನಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಕಾರಿದ್ದರೆ, ಗೇರಿನಲ್ಲಿ ಇಳಿಯುವಾಗ ಪಟ್ಟಿ ತುದಿಗೆ ಹೋಗಿ ಅಂಟಿಕೊಳ್ಳುವುದನ್ನೂ ನ್ಯೂಟ್ರಲ್ ಮಾಡಿದೊಡನೆ ಹಿಂದೆ ಸರಿಯುವುದನ್ನೂ ಕಣ್ಣಾರೆ ನೋಡಬಹುದು.

ತೀರಾ ಸಣ್ಣ ಇಳಿಜಾರಿನಲ್ಲಿ, ಎಂಜಿನ್ ಬಿಗಿತಕ್ಕೆ ಕಾರು ನಿಂತೇಹೋಗುವಂಥ ಕಡೆ, ನ್ಯೂಟ್ರಲ್‌ನಿಂದ ಹನಿ ಉಳಿಯುವುದುಂಟು. ಇಷ್ಟನ್ನು ಒಪ್ಪಿಕೊಳ್ಳಬೇಕು. ಆದರೆ ಈ ಚಟ ಇರುವವರು ಸಣ್ಣ ಇಳಿಜಾರಿಗೆ ನಿಲ್ಲುವುದಿಲ್ಲ. ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವು ಇಳಿಯುವಾಗಲೂ, ಊಟಿಯಿಂದ ಕಲ್ಲಟ್ಟಿಯ 36 ತಿರುವುಗಳಲ್ಲಿ ಮಸಿನಗುಡಿಗೆ ಬರುವಾಗಲೂ ಅದೇ ಕೈಚಳಕ. ಎಂಜಿನ್ ಹಿಡಿತವಿಲ್ಲದೆ ಪೂರ್ತಿ ಭಾರ ಬ್ರೇಕಿನ ಮೇಲೆ. ಪ್ಯಾಡ್ ಕಾದು ಹೊಗೆಯ ವಾಸನೆ ಬಂದಮೇಲೆ ಪೆಡಲ್ ಎಷ್ಟು ಒತ್ತಿದರೂ ಕಾರು ಮೊದಲಿನ ಹಾಗೆ ನಿಲ್ಲುವುದಿಲ್ಲ. ಎಂಜಿನನ್ನೇ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಬೂಸ್ಟರ್‌ನ ನೆರವು ಮುಗಿದು ಪೆಡಲ್ ಕಲ್ಲಾಗುತ್ತದೆ. ಇದನ್ನು ಉಳಿತಾಯ ಎಂದು ಕರೆಯುವುದು ಹೇಗೆ?

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಮೈಲೇಜ್ ಉಪದೇಶವೆಲ್ಲ ಆಕ್ಸಿಲರೇಟರ್ ಸುತ್ತ ಗಿರಕಿ ಹೊಡೆಯುತ್ತದೆ. ಪೆಟ್ರೋಲ್ ನಿಜಕ್ಕೂ ಸೋರುವುದು ಬ್ರೇಕಿನಲ್ಲಿ. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ದಾರಿಯನ್ನೇ ತೆಗೆದುಕೊಳ್ಳಿ. ಊರಿಗೊಂದು ಹಂಪ್, ಶಾಲೆ ಮುಂದೆ ಇನ್ನೊಂದು, ಬಳಿದ ಬಿಳಿ ಪಟ್ಟೆ ಅಳಿಸಿಹೋಗಿ ಹತ್ತಿರ ಬಂದಮೇಲೆ ಕಾಣಿಸುವುದು ಮತ್ತೊಂದು. ಚಾಲಕರಲ್ಲಿ ಹೆಚ್ಚಿನವರು ಎರಡು ಹಂಪ್ ನಡುವೆ ಅರವತ್ತಕ್ಕೆ ಏರಿಸಿ, ಮುಂದಿನದರ ಮೂತಿಯವರೆಗೆ ಒತ್ತಿಕೊಂಡೇ ಹೋಗಿ, ಗಪ್ಪನೆ ಬ್ರೇಕ್ ಹಾಕಿ ಹದಿನೈದಕ್ಕೆ ಇಳಿಸುತ್ತಾರೆ. ಜನ ಕೂತ ಸ್ವಿಫ್ಟ್ ಒಂದು ಟನ್ ಎಂದಿಟ್ಟುಕೊಳ್ಳಿ. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಹೆಚ್ಚುಕಮ್ಮಿ ಕಾಲುಭಾಗ. ಆ ಲೆಕ್ಕದಲ್ಲಿ 15ರಿಂದ 60ಕ್ಕೆ ಏರಿಸಿದ ವೇಗವನ್ನು ಬ್ರೇಕಿಗೆ ಸುರಿದರೆ ಪ್ರತಿ ಸಲ ಹೋಗುವುದು ಸುಮಾರು 16 ಮಿ.ಲೀ. ಹತ್ತು ಹಂಪ್‌ಗೆ ಮೂರು ಕಿಲೋಮೀಟರ್ ಓಡಬಹುದಾಗಿದ್ದ ಪೆಟ್ರೋಲ್ ಡಿಸ್ಕಿನ ಬಿಸಿಯಾಗಿ ಗಾಳಿಪಾಲು.

ದೂರದಿಂದಲೇ ಹಂಪ್ ಗುರುತಿಸಿ, ಗೇರಿನಲ್ಲೇ ಕಾಲು ಎತ್ತಿದವನಿಗೆ ಆ ಇನ್ನೂರು ಮುನ್ನೂರು ಮೀಟರ್ ಬಿಟ್ಟಿ. ಇಂಜೆಕ್ಟರ್ ಮುಚ್ಚಿರುತ್ತದೆ, ಗಳಿಸಿದ ವೇಗ ದಾರಿ ಸಾಗಿಸುತ್ತದೆ, ಬ್ರೇಕ್ ಕೊನೆಯ ಗಳಿಗೆಗೆ ಕೊಂಚ ಸಾಕು. ನಮ್ಮ ಸಾರಿಗೆ ಸಂಸ್ಥೆಯ ಪಳಗಿದ ಡ್ರೈವರ್‌ಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಡಿಪೊದಲ್ಲಿ ಕೆಎಂಪಿಎಲ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಕೇಳುತ್ತಾರೆ. ಕಾರಿನವರನ್ನು ಕೇಳುವವರಿಲ್ಲ.

ಇಲ್ಲಿಯೇ ಚುರುಕು ಕಾರಿನ ಪರವಾಗಿ ಒಂದು ಮಾತು. ಸ್ವಿಫ್ಟ್, ಪೋಲೊ ಇಟ್ಟುಕೊಂಡವನು ಮೈಲೇಜ್ ಬೇಕೆಂದರೆ ಸತ್ತವನ ಹಾಗೆ ಓಡಿಸಬೇಕು ಎಂಬ ನಂಬಿಕೆ ಶುದ್ಧ ತಪ್ಪು. ತಿರುವಿನಲ್ಲಿ ಮೈ ಓಲಾಡದ, ಸ್ಟಿಯರಿಂಗ್ ಹೇಳಿದ ಮಾತು ಕೇಳುವ ಕಾರಿಗೆ ತಿರುವಿಗೆ ಮುಂಚೆ ವೇಗ ಅಷ್ಟೊಂದು ಕಳೆದುಕೊಳ್ಳುವ ಅಗತ್ಯವಿಲ್ಲ. ಕಳೆದುಕೊಳ್ಳದ ವೇಗವನ್ನು ಮತ್ತೆ ಕೊಳ್ಳಬೇಕಾಗಿಯೂ ಇಲ್ಲ. ರೇಸಿನವನೂ ಮೈಲೇಜಿನವನೂ ಮಾಡುವುದು ಒಂದೇ ಕೆಲಸ: ಕಣ್ಣು ದೂರ ಇಟ್ಟು, ಬ್ರೇಕ್ ಕಡಿಮೆ ಮಾಡಿ, ವೇಗ ಕಾಪಾಡಿಕೊಳ್ಳುವುದು. ಏರಿಸುವಾಗಲೂ ಅಷ್ಟೆ. ಆಕ್ಸಿಲರೇಟರನ್ನು ಹೆದರಿ ಹೆದರಿ ಸವರುತ್ತ ಅರ್ಧ ಕಿಲೋಮೀಟರ್ ತೆಗೆದುಕೊಳ್ಳುವುದರಿಂದ ಲಾಭವಿಲ್ಲ. ಪೆಟ್ರೋಲ್ ಎಂಜಿನ್ ಹದವಾದ ಭಾರದಲ್ಲಿ, ಎರಡು ಎರಡೂವರೆ ಸಾವಿರ ಆರ್‌ಪಿಎಮ್ ಸುತ್ತಮುತ್ತ ಚೆನ್ನಾಗಿ ದುಡಿಯುತ್ತದೆ. ಗಟ್ಟಿಯಾಗಿ ಒತ್ತಿ, ಬೇಗ ಗೇರ್ ಬದಲಿಸಿ, ಬೇಕಾದ ವೇಗ ಬಂದಮೇಲೆ ಕಾಲು ಹಗುರ ಮಾಡಿದರೆ ಮುಗಿಯಿತು. ಮೂವತ್ತೈದರಲ್ಲಿ ಐದನೇ ಗೇರ್ ಹಾಕಿ ಎಂಜಿನ್ ಗುಡುಗುಡು ಎನ್ನುವಾಗ ಏನೋ ಉಳಿಸಿದೆವೆಂದು ಸಮಾಧಾನಪಡುವವರು, ಮುಂದಿನ ಸಣ್ಣ ಏರಿನಲ್ಲಿ ಪೆಡಲನ್ನು ನೆಲಕ್ಕೆ ಒತ್ತಿ ಅದನ್ನೂ ಕಳೆಯುತ್ತಾರೆ. ಟರ್ಬೊ ಕಾರಿನವರಿಗೆ ಮಾತ್ರ ಒಂದು ಎಚ್ಚರಿಕೆ: ಬೂಸ್ಟ್‌ನ ರುಚಿ ಹತ್ತಿದ ಕಾಲಿಗೆ ಈ ಹದ ಸುಲಭವಾಗಿ ದಕ್ಕುವುದಿಲ್ಲ.

ವೇಗದ ಉಪದೇಶಕ್ಕೆ ಗೌರವ ಕೊಡಲೇಬೇಕು. 1978ರಲ್ಲಿ ಶುರುವಾದ ಕೇಂದ್ರದ ಪೆಟ್ರೋಲಿಯಂ ಉಳಿತಾಯ ಸಂಸ್ಥೆ ಪಿಸಿಆರ್‌ಎ ಕೂಡ 45–55 ಕಿ.ಮೀ. ವೇಗವನ್ನೇ ಸಾರುತ್ತ ಬಂದಿದೆ. ಇಂದಿನ ಐದು ಗೇರಿನ ಕಾರಿಗೆ ಅದನ್ನು ಅರವತ್ತು ಎಪ್ಪತ್ತಕ್ಕೆ ಸಡಿಲಿಸಬಹುದು, ತೊಂಬತ್ತಕ್ಕಲ್ಲ. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ 56% ಹೆಚ್ಚು. ಮೈಸೂರಿನಿಂದ ಗುಂಡ್ಲುಪೇಟೆ ಸುಮಾರು 60 ಕಿ.ಮೀ. ರಸ್ತೆ ಪೂರ್ತಿ ಖಾಲಿ ಸಿಕ್ಕರೂ ಈ ವ್ಯತ್ಯಾಸದಿಂದ ಉಳಿಯುವುದು ಒಂಬತ್ತು ನಿಮಿಷ, ನಂಜನಗೂಡು, ಬೇಗೂರು ದಾಟುವಷ್ಟರಲ್ಲಿ ಅದೂ ಕರಗಿರುತ್ತದೆ.

ಈ ದಾರಿಯಲ್ಲಿ ನೂರರ ಮೇಲೆ ಓಡಿಸಲು ನಮ್ಮವರಿಗೆ ಒಂದು ಸ್ಥಳೀಯ ಕಾರಣವಿದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಊಟಿಗೆ ಹೊರಟವರಿಗೆ ಮೇಲುಕಾಮನಹಳ್ಳಿ ಗೇಟು, ವಯನಾಡಿನವರಿಗೆ ಮದ್ದೂರು ಗೇಟು. ಎಂಟೂಕಾಲಿಗೆ ಬೇಗೂರಿನಲ್ಲಿರುವ ಕಾರುಗಳ ಓಟ ನೋಡಬೇಕು. ಮೂರನೇ ಗೇರಿನಲ್ಲಿ ಎಂಜಿನ್ ಕಿರುಚಿಸಿ ಓವರ್‌ಟೇಕ್, ಎದುರು ಲೈಟ್ ಕಂಡೊಡನೆ ಬ್ರೇಕ್, ಮತ್ತೆ ಅದೇ. ನಿಷೇಧ ಸರಿಯೇ, ಕತ್ತಲಲ್ಲಿ ಆ ಕಾಡಿನ ರಸ್ತೆ ಪ್ರಾಣಿಗಳದ್ದಾಗಿರಬೇಕು. ಅದರ ದಂಡ ತೆರುವವರು ಮೈಸೂರಿನಿಂದ ಅರ್ಧ ಗಂಟೆ ತಡವಾಗಿ ಹೊರಟವರು. ಬೇಗ ಹೊರಡುವುದನ್ನು ಮೈಲೇಜ್ ಸಲಹೆಯಾಗಿ ಯಾವ ಮೆಕ್ಯಾನಿಕ್ಕೂ ಹೇಳುವುದಿಲ್ಲ. ಗೇಟು ದಾಟಿದ ಮೇಲಂತೂ ಸಾಲು ಹಂಪ್, ಜಿಂಕೆ, ಕಾಟಿ. ಮೂವತ್ತರಲ್ಲಿ ಒಂದೇ ಸಮನೆ ಹೋಗುವುದೇ ಅಗ್ಗ.

ಎಸಿ ಬಗ್ಗೆ ಜಗಳ ಬೇಡ. ಊರೊಳಗೆ ಕಿಟಕಿ ತೆಗೆಯಿರಿ, ಹೆದ್ದಾರಿಯಲ್ಲಿ ಮುಚ್ಚಿ ಎಸಿ ಹಾಕಿಕೊಳ್ಳಿ. ಟಯರ್ ಗಾಳಿ ತಣ್ಣಗಿದ್ದಾಗ ನೋಡಿಸಿ. ಸಾದಾ ಎಂಜಿನ್ನಿಗೆ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿಸುವುದು ದುಡ್ಡಿಗೆ ದಂಡ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಬಂದಮೇಲೆ ಮೈಲೇಜ್ ಇಳಿದಿದೆ ಎಂಬ ದೂರಿನಲ್ಲಿ ಹುರುಳಿದೆ: ಲೀಟರಿಗೆ ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರರಲ್ಲೊಂದು ಪಾಲು ಕಡಿಮೆ. ಹಳೆಯ ಕಾರುಗಳಲ್ಲಿ 6–7% ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಆದರೆ ಲೀಟರಿಗೆ ಆರೇಳು ಕಿಲೋಮೀಟರ್ ಕಡಿಮೆಯಾಯಿತು ಎನ್ನುವವರು ಎಥನಾಲ್ ಬಿಟ್ಟು ತಮ್ಮ ಬಲಗಾಲನ್ನು ವಿಚಾರಿಸಬೇಕು.

ಅಳೆಯುವುದಾದರೆ ನೆಟ್ಟಗೆ ಅಳೆಯಬೇಕು. ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ನಾಜಲ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡುವುದು. ಇನ್ನೂರು ರೂಪಾಯಿ ಹಾಕಿಸಿ ಮುಳ್ಳು ನೋಡುವವರ ಲೆಕ್ಕ ಕಾಡುಹರಟೆಗೆ ಮಾತ್ರ ಸಾಕು. ಊಟಿಯ ಟ್ಯಾಂಕನ್ನು ಚಾಮರಾಜನಗರದ ಬಯಲಿನ ಟ್ಯಾಂಕಿನ ಪಕ್ಕ ಇಟ್ಟು ಹೋಲಿಸಲೂ ಬಾರದು. ಒಂದು ಟನ್ ಕಾರನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲೆಂದೇ ಸುಮಾರು 120 ಮಿ.ಲೀ. ಬೇಕು. ಗುಂಡ್ಲುಪೇಟೆಯಿಂದ ಊಟಿ ಸುಮಾರು 1,400 ಮೀಟರ್ ಮೇಲಿದೆ. ಒಂದೂವರೆ ಲೀಟರಿಗೂ ಮಿಕ್ಕಿ ಆ ಏರಿಗೇ ಹೋಗುತ್ತದೆ. ವಾಪಸು ಇಳಿಯುವಾಗ ಅದರಲ್ಲಿ ಎಷ್ಟು ಕೈಗೆ ಹತ್ತುತ್ತದೆ ಎಂಬುದು ಕಾರು ಯಾವ ಗೇರಿನಲ್ಲಿತ್ತು ಎನ್ನುವುದರ ಮೇಲೆ ನಿಂತಿದೆ.