ಸೀಸೆಯ ಮೈಮೇಲಿನ ವಾಸ್ತುಶಿಲ್ಪ: ಗೌಡಿಯ ಚೂರುಚಿತ್ತಾರದ ಪುನರುಜ್ಜೀವನ

ಬಾರ್ಸಿಲೋನಾ ನಗರದ ಅಂಗಡಿಗಳಲ್ಲಿ ಪ್ರವಾಸಿಗರಿಗಾಗಿ ಮಾರಲ್ಪಡುವ ವಸ್ತುಗಳಲ್ಲಿ ಬಣ್ಣಬಣ್ಣದ ಪಿಂಗಾಣಿ ಸೀಸೆಯೂ ಒಂದು. ಒಡೆದ ಬಿಲ್ಲೆಗಳನ್ನು ಜೋಡಿಸಿದಂತೆ ತೋರುವ ಅದರ ವಿನ್ಯಾಸಕ್ಕೆ ಕತಲಾನ್ ವಾಸ್ತುಶಿಲ್ಪಿ ಆಂಟೊನಿ ಗೌಡಿಯ (1852–1926) ಕಟ್ಟಡಗಳೇ ಮೂಲ. ಶತಮಾನದಷ್ಟು ಹಳೆಯ ವಿನ್ಯಾಸವೊಂದು ಗೃಹಾಲಂಕಾರದ ವಸ್ತುವಾಗಿ ಮರಳಿದಾಗ ಅದನ್ನು ಪುನರುಜ್ಜೀವನವೆನ್ನಬಹುದೇ, ಅಥವಾ ಅದು ಅನುಕರಣೆ ಮಾತ್ರವೇ ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕತಲಾನ್ ಭಾಷೆಯಲ್ಲಿ ಈ ಬಗೆಯ ಕೆಲಸಕ್ಕೆ ‘ತ್ರೆಂಕಾದೀಸ್’ ಎಂದು ಹೆಸರು. ಇದು ‘ಒಡೆ’ ಎಂಬ ಅರ್ಥದ ಧಾತುವಿನಿಂದ ನಿಷ್ಪನ್ನವಾದ ಪದ. ಹೆಸರೇ ಸೂಚಿಸುವಂತೆ ಇಲ್ಲಿ ಕ್ರಿಯೆ ಮೊದಲು, ಚಿತ್ರ ಅನಂತರ. ಸಮತಟ್ಟಾದ ಬಿಲ್ಲೆಯು ಎರಡು ದಿಕ್ಕಿಗೂ ಬಾಗಿದ ಮೇಲ್ಮೈಗೆ ಕೂಡದು. ಅದನ್ನೇ ಒಡೆದು ಚೂರು ಮಾಡಿ ಗಾರೆಯಲ್ಲಿ ಕೂರಿಸಿದರೆ ಯಾವ ಬಾಗಿಗೂ ಒಗ್ಗುತ್ತದೆ. 1900ರಿಂದ 1914ರವರೆಗೆ ನಿರ್ಮಾಣವಾದ ಪಾರ್ಕ್ ಗೂಯೆಲ್‌ನಲ್ಲಿ ಹಾವಿನಂತೆ ಬಳುಕುವ ಆಸನದ ಮೈಗೆ ಈ ಚೂರುಗಳನ್ನು ತೊಡಿಸಿದವನು ಗೌಡಿಯ ಸಹೋದ್ಯೋಗಿ ಜೋಸೆಪ್ ಮರಿಯಾ ಜುಜೋಲ್ (1879–1949). ಅದೇ ಉದ್ಯಾನದ 86 ಕಂಬಗಳ ಮಂಟಪದ ಒಳಛಾವಣಿಯಲ್ಲಿ ತಟ್ಟೆ, ಬಟ್ಟಲು, ಸೀಸೆಗಳ ಚೂರುಗಳನ್ನೂ ಆತ ಬಳಸಿದ್ದಾನೆ. 1906–1912ರ ಅವಧಿಯ ಕಾಸಾ ಮಿಲಾ ಕಟ್ಟಡದ ತಾರಸಿಯಲ್ಲಿ ಒಡೆದ ಷಾಂಪೇನ್ ಸೀಸೆಗಳ ಹಸಿರು ಗಾಜನ್ನು ಹೊದ್ದ ಹೊಗೆಗೂಡುಗಳಿವೆ. ಬಳಸಿ ಬಿಸುಟ ಸೀಸೆ ಅಲ್ಲಿ ವಾಸ್ತುಶಿಲ್ಪದ ಅಂಗವಾಯಿತು.

ಈಗ ಈ ಕ್ರಮ ತಿರುಗುಮುರುಗಾಗಿದ್ದು, ವಾಸ್ತುಶಿಲ್ಪವೇ ಸೀಸೆಯ ಅಲಂಕಾರವಾಗಿದೆ. ಹಸಿಮಣ್ಣು ಅಚ್ಚಿನಲ್ಲಿ ತಾನಾಗಿಯೇ ಬೇಕಾದ ಬಾಗನ್ನು ಪಡೆಯುವುದರಿಂದ ಇಲ್ಲಿ ಒಡೆಯುವ ಅಗತ್ಯವೇ ಇಲ್ಲ. ಆದುದರಿಂದ ಬಿರುಕು ಕೇವಲ ಗೆರೆಯಾಗುತ್ತದೆ. ಅಚ್ಚಿನಿಂದ ಮೂಡಿದ ಗೆರೆಯಾದರೆ ಒಂದು ಸೀಸೆಯಲ್ಲಿರುವಲ್ಲಿಯೇ ಮತ್ತೊಂದರಲ್ಲಿಯೂ ಇರುತ್ತದೆ. ಕೆಲಸಗಾರನು ಪ್ರತಿ ಚೂರನ್ನೂ ಆರಿಸಿ, ತಿರುಗಿಸಿ, ಹೊಂದಿಸಿ ನೋಡುವ ವಿವೇಚನೆಗೆ ಅಲ್ಲಿ ಅವಕಾಶವಿಲ್ಲ. ವಸ್ತು ನೋಡಲು ಸುಂದರವಾಗಿರಬಹುದು. ಆದರೆ ಅದು ಉಳಿಸಿಕೊಂಡಿರುವುದು ಪದ್ಧತಿಯ ಫಲವನ್ನೇ ಹೊರತು ಪದ್ಧತಿಯನ್ನಲ್ಲ.

ಅಚ್ಚು ಮತ್ತು ಪುನರಾವರ್ತನೆಗಳೇ ದೋಷವೆಂದು ಇದರಿಂದ ಭಾವಿಸಬೇಕಾಗಿಲ್ಲ. ಗೌಡಿ ಕಾಸಾ ಬಾಟ್ಲೊ ಕಟ್ಟಡಕ್ಕೆಂದು ಯೋಜಿಸಿ, ಕೊನೆಗೆ ಕಾಸಾ ಮಿಲಾದಲ್ಲಿ ಹಾಸಿದ ಸಿಮೆಂಟಿನ ಷಟ್ಕೋನ ಬಿಲ್ಲೆಯನ್ನು ಗಮನಿಸಬಹುದು. ಕಡಲ ಜೀವಿಗಳನ್ನು ನೆನಪಿಸುವ ಮೂರು ಆಕೃತಿಗಳ ಭಾಗಗಳು ಅದರ ಮೇಲಿದ್ದು, ಏಳು ಬಿಲ್ಲೆಗಳು ಕೂಡಿದಾಗಲೇ ವಿನ್ಯಾಸ ಪೂರ್ಣಗೊಳ್ಳುತ್ತದೆ. ಇಲ್ಲಿ ಪುನರಾವರ್ತನೆಯು ಕಲ್ಪನೆಯ ಮೂಲದಲ್ಲಿಯೇ ಇದೆ. 1970ರ ದಶಕದಲ್ಲಿ ಈ ಬಿಲ್ಲೆಯನ್ನು ಕೆಲವು ಮಾರ್ಪಾಡುಗಳೊಂದಿಗೆ ಮತ್ತೆ ತಯಾರಿಸಿ ಪಸೇಜ್ ದ ಗ್ರಾಸಿಯಾ ಬೀದಿಯ ಕಾಲುದಾರಿಗೆ ಹಾಸಿದಾಗ ಆಕೃತಿ ಬದಲಾದರೂ ತತ್ತ್ವ ಕೆಡಲಿಲ್ಲ. ನೆಲದ ಬಿಲ್ಲೆ ನೆಲದಲ್ಲಿಯೇ ಉಳಿಯಿತು, ಒಂದರೊಡನೊಂದು ಕೂಡಿಯೇ ಅರ್ಥ ಪಡೆಯಿತು.

ಈ ಎರಡು ನಿದರ್ಶನಗಳನ್ನು ಹೋಲಿಸಿದಾಗ ಪುನರುಜ್ಜೀವನದ ಮಾನದಂಡ ಸ್ಪಷ್ಟವಾಗುತ್ತದೆ. ರೂಪಸಾಮ್ಯವು ಅನುಕರಣೆಗೆ ಸಾಕು; ಪುನರುಜ್ಜೀವನಕ್ಕೆ ನಿರ್ಮಾಣತತ್ತ್ವದ ಅನುಸರಣೆ ಬೇಕು. ಆವಿಗೆಯಲ್ಲಿ ಕೆಟ್ಟ ಪಾತ್ರೆಗಳನ್ನು ಒಡೆದು ಸೀಸೆಯೊಂದಕ್ಕೆ ಚೂರುಚೂರಾಗಿ ತೊಡಿಸುವ ಕುಂಬಾರನು, ಗೌಡಿಯ ಒಂದು ಬಣ್ಣವನ್ನೂ ಬಳಸದೆ, ಆತನಿಗೆ ಹೆಚ್ಚು ಸಮೀಪನಾಗುತ್ತಾನೆ.

ಇಂತಹ ಸೀಸೆಗಳನ್ನು ಸಂಗ್ರಹಿಸುವ ಸಂಸ್ಥೆಗಳಿಗೂ ಈ ವಿವೇಕ ಅಗತ್ಯ. ಆಸನದ ಚಿತ್ತಾರವನ್ನು ಹೊತ್ತ ವಸ್ತುವನ್ನು ‘ಗೌಡಿಯ ವಿನ್ಯಾಸ’ ಎಂದಷ್ಟೇ ದಾಖಲಿಸಿದರೆ ಜುಜೋಲ್‌ನ ಹೆಸರೂ ಚೂರುಗಳನ್ನು ಕೂರಿಸಿದ ಗಾರೆ ಕೆಲಸಗಾರರ ಶ್ರಮವೂ ಮರೆಯಾಗುತ್ತವೆ. ಹೆಸರಾಂತ ಒಬ್ಬನ ಕೀರ್ತಿಯಲ್ಲಿ ಹಲವರ ಕೈಕೆಲಸ ಕರಗಿಹೋಗದಂತೆ ನೋಡಿಕೊಳ್ಳುವುದು ಕಲಾವಿಮರ್ಶೆಯ ಹೊಣೆಗಳಲ್ಲೊಂದು.